ಕಾಮಾಲೆ ವೈರಸ್ಸಿನ ಬೇಸಾಯ

ಮನೆಮದ್ದು ನಿಜವೋ ಸುಳ್ಳೋ, ಹೊಸ ಮಾತ್ರೆ ಕೆಲಸ ಮಾಡೀತೋ ಇಲ್ಲವೋ ಎಂದು ಹೇಳಬೇಕಾದರೆ ಮೊದಲು ರೋಗಾಣುವನ್ನು ಬಾಟಲಿಯಲ್ಲಿ ಬೆಳೆಸಬೇಕು. ಹೆಪಟೈಟಿಸ್ ವೈರಸ್‌ಗಳು ಬಹುಕಾಲ ಅದಕ್ಕೇ ಜಗ್ಗಲಿಲ್ಲ. ಅವನ್ನು ಬಗ್ಗಿಸಿದ ನಾಲ್ಕು ದಶಕಗಳ ಕಥೆ ಇಲ್ಲಿದೆ. ಅದರಲ್ಲಿ ಬೆಂಗಳೂರಿನದೂ ಒಂದು ಅಧ್ಯಾಯ ಉಂಟು.

ಬೆಂಗಳೂರಿನ ಹೊರವರ್ತುಲ ರಸ್ತೆಗೆ ಅಂಟಿಕೊಂಡಿರುವ ದೊಡ್ಡನೆಕ್ಕುಂದಿಯನ್ನೇ ತೆಗೆದುಕೊಳ್ಳಿ. ಹಿಂದೆ ಕೆರೆ, ಹೊಲ, ತೋಟಗಳ ಊರು. ಆಮೇಲೆ ಕೈಗಾರಿಕಾ ಪ್ರದೇಶ ಬಂತು. ಅದರ ಬೆನ್ನಿಗೇ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಬಂದವು. ಈಗ ಓಣಿಗೊಂದರಂತೆ ಪಿ.ಜಿ. ವಸತಿಗಳು, ಬೇಸಿಗೆ ಬಂತೆಂದರೆ ಟ್ಯಾಂಕರ್ ನೀರು, ಸಂಜೆಯಾದರೆ ರಸ್ತೆಬದಿಯಲ್ಲಿ ಪಾನಿಪೂರಿ ಗಾಡಿ. ಇಂಥ ಕಡೆ ಕಾಲೇಜು ಓದುವ ಹುಡುಗನೊಬ್ಬನಿಗೆ ನಾಲ್ಕು ದಿನ ಜ್ವರ ಬಂದು, ಊಟ ಸೇರದೆ, ಐದನೆಯ ದಿನ ಕಣ್ಣು ಹಳದಿಯಾಯಿತು ಎನ್ನಿ. ಮನೆಯಲ್ಲಿ ಆಗ ಏನಾಗುತ್ತದೆ?

‘ಇದು ಕಾಮಾಲೆ, ಇಂಗ್ಲಿಷ್ ಔಷಧಿ ನಾಟುವುದಿಲ್ಲ, ನೆಲನೆಲ್ಲಿ ಅರೆದು ಖಾಲಿ ಹೊಟ್ಟೆಗೆ ಕೊಡಿ’ ಎನ್ನುತ್ತಾರೆ ಅಜ್ಜಿ. ಔಷಧದ ಅಂಗಡಿಯವರು ಲಿವರ್ ಟಾನಿಕ್ಕಿನ ಬಾಟಲಿ ತೆಗೆದಿಡುತ್ತಾರೆ. ವೈದ್ಯರು ರಕ್ತಪರೀಕ್ಷೆಗೆ ಚೀಟಿ ಬರೆಯುತ್ತಾರೆ. ಅಪ್ಪ ಅಮ್ಮ ಮೂವರ ಮಾತನ್ನೂ ನಡೆಸುತ್ತಾರೆ. ಮೂರು ನಾಲ್ಕು ವಾರದಲ್ಲಿ ಹುಡುಗ ಎದ್ದು ಓಡಾಡುತ್ತಾನೆ. ಗುಣಪಡಿಸಿದ್ದು ಯಾವುದು? ನೆಲನೆಲ್ಲಿಯೆ, ಟಾನಿಕ್ಕೆ, ಪಥ್ಯವೆ? ಅಥವಾ ಅವನ ದೇಹವೇ ತನ್ನಷ್ಟಕ್ಕೆ ಸುಧಾರಿಸಿಕೊಂಡಿತೆ?

ನೆಲನೆಲ್ಲಿಯೇನೂ ಅಪರೂಪದ ಗಿಡವಲ್ಲ. ಮಳೆ ಬಿದ್ದು ಹದಿನೈದು ದಿನಕ್ಕೆ ಬಡಾವಣೆಯ ಖಾಲಿ ಸೈಟುಗಳಲ್ಲಿ ಕಳೆಯಂತೆ ಹುಟ್ಟುತ್ತದೆ. ಎಲೆಯ ಅಡಿಯಲ್ಲಿ ಸಾಸಿವೆ ಗಾತ್ರದ ಕಾಯಿಗಳ ಸಾಲು. ಕಿರುನೆಲ್ಲಿ ಎಂದೂ ಕರೆಯುತ್ತಾರೆ. ಸಸ್ಯಶಾಸ್ತ್ರಜ್ಞರಿಗೆ ಅದು ಫಿಲಾಂಥಸ್ ಅಮಾರಸ್. ತಲೆಮಾರುಗಳಿಂದ ಕಾಮಾಲೆಗೆ ಕೊಡುತ್ತ ಬಂದ ಗಿಡ. ಅದಕ್ಕೆ ಗುಣವಿದೆಯೆ ಎಂಬ ಸರಳ ಪ್ರಶ್ನೆಗೆ ಉತ್ತರ ಹುಡುಕಲು ಹೊರಟರೆ ದಾರಿ ಬಹಳ ಸುತ್ತಾಗುತ್ತದೆ. ಆರಂಭದಲ್ಲೇ ಒಂದು ತೊಡಕು: ಕಾಮಾಲೆ ಎಂಬುದು ಒಂದು ರೋಗವೇ ಅಲ್ಲ.

ಒಂದು ಹೆಸರು, ಐದು ವೈರಿಗಳು

ಯಕೃತ್ತು, ಅಂದರೆ ನಾವು ದಿನಬಳಕೆಯಲ್ಲಿ ಲಿವರ್ ಎನ್ನುವ ಅಂಗ, ತನ್ನ ಕೆಲಸದಲ್ಲಿ ಹಿಂದೆ ಬಿದ್ದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ರಕ್ತದಲ್ಲಿ ಉಳಿದುಬಿಡುತ್ತದೆ. ಕಣ್ಣು, ಚರ್ಮ, ಮೂತ್ರಕ್ಕೆ ಅದರದೇ ಬಣ್ಣ. ಹಾಗಾಗಿ ಕಾಮಾಲೆ ಒಂದು ಲಕ್ಷಣ ಮಾತ್ರ. ಮನೆಯೊಳಗಿನಿಂದ ಹೊಗೆ ಬರುವುದು ಕಂಡರೆ ಬೆಂಕಿ ಬಿದ್ದಿದೆ ಎಂದು ಗೊತ್ತಾಗುತ್ತದೆ. ಹಚ್ಚಿದವರು ಯಾರೆಂದು ಹೊಗೆ ಹೇಳುವುದಿಲ್ಲ. ಮದ್ಯ, ಕೆಲವು ಔಷಧಿಗಳು, ಪಿತ್ತನಾಳದ ಕಲ್ಲು ಎಲ್ಲವೂ ಹಚ್ಚಬಲ್ಲವು. ಮುಖ್ಯ ಆರೋಪಿಗಳು ಮಾತ್ರ ಐದು ವೈರಸ್‌ಗಳು: ಎ, ಬಿ, ಸಿ, ಡಿ ಮತ್ತು ಇ.

ಹೆಸರಿನಲ್ಲಿ ಅಣ್ಣತಮ್ಮಂದಿರಂತೆ ಕಂಡರೂ ಇವುಗಳಿಗೆ ರಕ್ತಸಂಬಂಧವಿಲ್ಲ. ಬೇರೆ ಬೇರೆ ಕುಲದವು ಒಂದೇ ಅಂಗಕ್ಕೆ ಗಂಟುಬಿದ್ದಿವೆ, ಅಷ್ಟೆ. ಎ ಮತ್ತು ಇ ಹರಡುವುದು ಕೊಳಕು ನೀರು, ಆಹಾರದಿಂದ. ಬಿ ಮತ್ತು ಸಿ ಹರಡುವುದು ಮುಖ್ಯವಾಗಿ ರಕ್ತದ ಮೂಲಕ; ಬಿ ಅಂತೂ ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೂ ದಾಟುತ್ತದೆ, ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ. ಡಿ ಒಂಟಿಯಾಗಿ ಬದುಕಲಾರದು. ಬಿ ಇರುವಲ್ಲಿ ಮಾತ್ರ ಅದರ ಸವಾರಿ.

ನಮ್ಮ ಕಾಲೇಜು ಹುಡುಗನಿಗೆ ಬಂದದ್ದು ಎ ಅಥವಾ ಇ ಆಗಿದ್ದರೆ ಅದು ಬಹುಪಾಲು ತಾನಾಗಿಯೇ ಇಳಿಯುತ್ತದೆ. ಆ ಹೊತ್ತಿಗೆ ಬಾಯಿಗೆ ಏನು ಬಿದ್ದಿರುತ್ತದೋ ಅದಕ್ಕೇ ಕೀರ್ತಿ. ಬಿ ಮತ್ತು ಸಿ ಹಾಗಲ್ಲ. ಹಲವರಲ್ಲಿ ಅವು ಕಣ್ಣನ್ನು ಹಳದಿ ಮಾಡದೆಯೇ ಒಳಗೆ ಕುಳಿತು ಇಪ್ಪತ್ತು ಮೂವತ್ತು ವರ್ಷ ಯಕೃತ್ತನ್ನು ಸವೆಸುತ್ತವೆ. ಕೊನೆಗೆ ಸಿರೋಸಿಸ್, ಇಲ್ಲವೆ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ 2.98 ಕೋಟಿ ಜನರಲ್ಲಿ ಬಿ ವೈರಸ್, 55 ಲಕ್ಷ ಜನರಲ್ಲಿ ಸಿ ವೈರಸ್ ಇತ್ತು. ಇವರಲ್ಲಿ ಹೆಚ್ಚಿನವರಿಗೆ ಆ ಸಂಗತಿಯೇ ತಿಳಿದಿಲ್ಲ.

ಹೀಗಾಗಿ ‘ಈ ಮದ್ದು ಕಾಮಾಲೆಗೆ ಒಳ್ಳೆಯದು’ ಎಂಬ ಮಾತಿಗೆ ವಿಜ್ಞಾನಿಯ ಮರುಪ್ರಶ್ನೆ: ಯಾವ ವೈರಸ್ಸಿಗೆ? ವೈರಸ್ಸನ್ನು ಎದುರಿಗಿಟ್ಟುಕೊಂಡು ಮದ್ದು ಸುರಿದು ನೋಡಿದ್ದೀರಾ? ಅದನ್ನು ಎದುರಿಗಿಟ್ಟುಕೊಳ್ಳುವುದೇ ಕಷ್ಟವಾಗಿತ್ತು.

ಬಾಟಲಿಯೊಳಗಿನ ಹೊಲ

ಮೊಸರಿನ ಬ್ಯಾಕ್ಟೀರಿಯಾಕ್ಕೆ ಉಗುರುಬೆಚ್ಚಗಿನ ಹಾಲು ಸಾಕು. ರಾತ್ರಿ ಹೆಪ್ಪು ಹಾಕಿದರೆ ಬೆಳಿಗ್ಗೆ ಮೊಸರು. ವೈರಸ್‌ಗೆ ಹಾಲು, ಸಕ್ಕರೆ, ಮಾಂಸದ ಸಾರು ಯಾವುದೂ ಬೇಡ. ಅದಕ್ಕೆ ಬೇಕಾದದ್ದು ಜೀವಂತ ಜೀವಕೋಶ. ಕೋಶದ ಒಳಹೊಕ್ಕು ಅಲ್ಲಿನ ಯಂತ್ರಗಳನ್ನೇ ವಶಪಡಿಸಿಕೊಂಡು ತನ್ನ ಪ್ರತಿಗಳನ್ನು ಅಚ್ಚು ಹಾಕಿಸಬೇಕು. ಆದ್ದರಿಂದ ವೈರಸ್ ಬೆಳೆಸುವವರು ಮೊದಲು ಕೋಶಗಳನ್ನು ಬೆಳೆಸಬೇಕು.

ಇದಕ್ಕೆ ಅಂಗೈಯಗಲದ ಚಪ್ಪಟೆ ಪ್ಲಾಸ್ಟಿಕ್ ಬಾಟಲಿಗಳಿವೆ. ಅದರಲ್ಲಿ ಲವಣ, ಸಕ್ಕರೆ, ವಿಟಮಿನ್, ಅಮೈನೋ ಆಮ್ಲಗಳನ್ನು ಕದಡಿದ ಗುಲಾಬಿ ಬಣ್ಣದ ದ್ರಾವಣ. ಜೊತೆಗೆ ಕರುವಿನ ಭ್ರೂಣದ ರಕ್ತದಿಂದ ತೆಗೆದ ಸೀರಮ್. ನಮ್ಮ ಮೈಯಷ್ಟೇ ಬಿಸಿ, ಅಂದರೆ 37 ಡಿಗ್ರಿ ಇರುವ ಪೆಟ್ಟಿಗೆ. ಗಾಳಿಯಲ್ಲಿ ಶೇ 5ರಷ್ಟು ಇಂಗಾಲದ ಡೈಆಕ್ಸೈಡ್. ಕೋಶಗಳು ಬಾಟಲಿಯ ತಳಕ್ಕೆ ಅಂಟಿಕೊಂಡು ಹಾಸಿನಂತೆ ಹರಡುತ್ತವೆ. ಬಣ್ಣ ಹಳದಿಗೆ ತಿರುಗಿತೆಂದರೆ ಆಮ್ಲ ಹೆಚ್ಚಾಯಿತು, ಆಹಾರ ಬದಲಿಸಿ ಎಂದರ್ಥ. ಎರಡು ಮೂರು ದಿನಕ್ಕೊಮ್ಮೆ ಈ ಆರೈಕೆ ನಡೆಯಲೇಬೇಕು. ಭಾನುವಾರ, ಹಬ್ಬ ಎಂದು ಕೂರುವಂತಿಲ್ಲ. ಹಸು ಕಟ್ಟಿದವರ ಕಷ್ಟ ಈ ಸಂಶೋಧಕರಿಗೆ ಚೆನ್ನಾಗಿ ಗೊತ್ತು.

ಪೋಲಿಯೊ ವೈರಸ್ಸನ್ನು ಹೀಗೆ ಬಾಟಲಿಯಲ್ಲಿ ಬೆಳೆಸಿದ್ದರಿಂದಲೇ 1950ರ ದಶಕದಲ್ಲಿ ಲಸಿಕೆ ಬಂತು. ಯಕೃತ್ತಿನ ವೈರಸ್‌ಗಳ ವಿಷಯದಲ್ಲಿ ಅದೇ ಉಪಾಯ ಕೈಕೊಟ್ಟಿತು. ಕಾರಣ ಇಷ್ಟು: ಯಕೃತ್ತಿನ ಕೋಶ ಮಹಾ ಸೂಕ್ಷ್ಮ. ದೇಹದಿಂದ ಬಿಡಿಸಿ ಬಾಟಲಿಗೆ ಹಾಕಿದರೆ ಕೆಲವೇ ದಿನಗಳಲ್ಲಿ ತನ್ನ ಕಸುಬನ್ನೇ ಮರೆಯುತ್ತದೆ. ಪಿತ್ತ ಮಾಡುವುದಿಲ್ಲ, ವಿಷ ಕರಗಿಸುವುದಿಲ್ಲ, ವೈರಸ್ ಒಳಹೋಗಲು ಬಳಸುವ ಬಾಗಿಲನ್ನೂ ಕಿತ್ತೆಸೆಯುತ್ತದೆ. ಇನ್ನು ಕ್ಯಾನ್ಸರ್ ಗಡ್ಡೆಯಿಂದ ತೆಗೆದ ಯಕೃತ್ತಿನ ಕೋಶಗಳಿವೆ. ಅವು ಸಾಯದೆ ವರ್ಷಗಟ್ಟಲೆ ಬೆಳೆಯುತ್ತವೆ. ಆದರೆ ಅವುಗಳಲ್ಲೂ ಯಕೃತ್ತಿನ ಅರ್ಧ ಗುಣ ಮಾಯ. ಬೀಜ ಇದೆ, ಅದಕ್ಕೆ ಒಗ್ಗುವ ನೆಲವಿಲ್ಲ ಎಂಬ ಸ್ಥಿತಿ.

ಎ: ಮೊದಲ ಫಸಲು

ಮೊದಲು ದಾರಿಗೆ ಬಂದದ್ದು ಎ. 1973ರಲ್ಲಿ ಅಮೆರಿಕದ ಫೈನ್‌ಸ್ಟೋನ್, ಕಪಿಕಿಯನ್ ಮತ್ತು ಪರ್ಸೆಲ್ ರೋಗಿಗಳ ಮಲದಲ್ಲಿ ಈ ವೈರಸ್ಸನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಂಡರು. 1979ರಲ್ಲಿ ಮರ್ಕ್ ಕಂಪನಿಯ ಪ್ರೊವೋಸ್ಟ್ ಮತ್ತು ಹಿಲ್ಲೆಮನ್ ಅದನ್ನು ಬಾಟಲಿಯಲ್ಲಿ ಬೆಳೆಸಿದರು. ಮಾರ್ಮೊಸೆಟ್ ಎಂಬ ಪುಟ್ಟ ಕೋತಿಯ ಯಕೃತ್ತಿನ ಕೋಶಗಳಲ್ಲೂ ರೀಸಸ್ ಕೋತಿಯ ಭ್ರೂಣದ ಮೂತ್ರಪಿಂಡದ ಕೋಶಗಳಲ್ಲೂ ಅದು ಬೇರೂರಿತು.

ಬೆಳೆ ಬಂದರೆ ಮುಂದಿನದು ಸಲೀಸು. ವೈರಸ್ಸನ್ನು ರಾಶಿಗಟ್ಟಲೆ ಬೆಳೆಸಿ, ಫಾರ್ಮಲಿನ್ನಿನಲ್ಲಿ ಕೊಂದು, ಲಸಿಕೆ ಮಾಡಬಹುದು. 1995ರಲ್ಲಿ ಅಮೆರಿಕ ಇಂಥ ಲಸಿಕೆಗೆ ಒಪ್ಪಿಗೆ ಕೊಟ್ಟಿತು. ನಮ್ಮಲ್ಲಿ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆ 2024ರ ಜನವರಿಯಲ್ಲಿ ‘ಹ್ಯಾವಿಶ್ಯೂರ್’ ಎಂಬ ಹೆಸರಿನ ಸ್ವದೇಶಿ ಲಸಿಕೆಯನ್ನು ಬಿಡುಗಡೆ ಮಾಡಿತು.

ಬಿ: ಬೆಳೆಯದೆಯೇ ಬಂದ ಲಸಿಕೆ

ಬಿ ವೈರಸ್ಸಿನ ಸುಳಿವು ಸಿಕ್ಕಿದ್ದು 1960ರ ದಶಕದಲ್ಲಿ. ಅಮೆರಿಕದ ಬರೂಚ್ ಬ್ಲಂಬರ್ಗ್ ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಒಂದು ವಿಚಿತ್ರ ಪ್ರೋಟೀನ್ ಕಂಡು 1965ರಲ್ಲಿ ಪ್ರಕಟಿಸಿದರು. ಅದು ಹೆಪಟೈಟಿಸ್-ಬಿ ವೈರಸ್ಸಿನ ಹೊರ ಅಂಗಿ ಎಂಬುದು ಮುಂದೆ ತಿಳಿಯಿತು. 1976ರಲ್ಲಿ ಅವರಿಗೆ ನೊಬೆಲ್ ಬಂತು. ಅವರ ಹುಟ್ಟುಹಬ್ಬವಾದ ಜುಲೈ 28 ಇಂದು ವಿಶ್ವ ಹೆಪಟೈಟಿಸ್ ದಿನ. ರಾಮನ್ ಹೆಸರಿನ ಅತಿಥಿ ಪ್ರಾಧ್ಯಾಪಕರಾಗಿ ಬ್ಲಂಬರ್ಗ್ ಬೆಂಗಳೂರಿನಲ್ಲೂ ಕೆಲಕಾಲ ಇದ್ದವರು.

ಬಿ ಬಾಟಲಿಯಲ್ಲಿ ಬೆಳೆಯಲಿಲ್ಲ. ಆದರೂ ಲಸಿಕೆ ಬಂತು. ಹೇಗೆ? ಸೋಂಕು ತಗುಲಿದ ಯಕೃತ್ತು ವೈರಸ್ಸಿನ ಖಾಲಿ ಅಂಗಿಗಳನ್ನು ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೊಲಿದು ರಕ್ತಕ್ಕೆ ಚೆಲ್ಲುತ್ತದೆ. ಆ ಅಂಗಿಗಳನ್ನೇ ಸೋಸಿ, ಶುದ್ಧಮಾಡಿ 1981ರಲ್ಲಿ ಮೊದಲ ಲಸಿಕೆ ತಯಾರಿಸಿದರು. ರೋಗಿಗಳ ರಕ್ತದಿಂದ ಮಾಡಿದ್ದೆಂದರೆ ಜನ ಹೆದರದಿರುತ್ತಾರೆಯೆ? 1986ರಲ್ಲಿ ಅಂಗಿಯ ಜೀನನ್ನು ಯೀಸ್ಟಿಗೆ ಸೇರಿಸಿ, ಯೀಸ್ಟಿನಿಂದಲೇ ಅಂಗಿ ಹೊಲಿಸುವ ವಿಧಾನ ಬಂತು. ಭಾರತದಲ್ಲಿ 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಇದೇ ಬಗೆಯ ಲಸಿಕೆ ತಯಾರಿಸಿ ಬೆಲೆ ಇಳಿಸಿತು.

ಲಸಿಕೆ ಮುಂದೆ ಹುಟ್ಟುವ ಮಕ್ಕಳನ್ನು ಕಾಯುತ್ತದೆ. ಈಗಾಗಲೇ ವೈರಸ್ ಹೊತ್ತಿರುವವರಿಗೆ ಬೇಕಾದದ್ದು ಔಷಧಿ. ಅದಕ್ಕೆ ವೈರಸ್ಸಿನ ದಿನಚರಿ ತಿಳಿಯಬೇಕು. 1970ರ ದಶಕದಲ್ಲಿ ಅರ್ಜೆಂಟೀನಾದ 15 ವರ್ಷದ ಬಾಲಕನೊಬ್ಬನ ಯಕೃತ್ತಿನ ಗಡ್ಡೆಯಿಂದ ‘ಹೆಪ್-ಜಿ2’ ಎಂಬ ಕೋಶಸಂತತಿಯನ್ನು ಬೆಳೆಸಿದ್ದರು. ಇಂದಿಗೂ ಲೋಕದ ಪ್ರಯೋಗಾಲಯಗಳಲ್ಲಿ ಅದು ಬದುಕಿದೆ. ವೈರಸ್ ತಾನಾಗಿ ಈ ಕೋಶದ ಒಳಕ್ಕೆ ಹೋಗದು. ಹಾಗಾದರೆ ವೈರಸ್ಸಿನ ಡಿಎನ್‌ಎಯನ್ನು ನಾವೇ ಒಳಗೆ ತುರುಕೋಣ ಎಂದು ಹೊರಟವರು ನ್ಯೂಯಾರ್ಕಿನ ಸೆಲ್ಸ್, ಚೆನ್ ಮತ್ತು ಆಕ್ಸ್. 1987ರಲ್ಲಿ ಅವರು ಪಡೆದ ಕೋಶಗಳು ವೈರಸ್ಸನ್ನು ಬಿಡುವಿಲ್ಲದೆ ಉತ್ಪಾದಿಸತೊಡಗಿದವು. ಔಷಧಿ ಪರೀಕ್ಷೆಗೆ ಒಂದು ಕಣವಂತೂ ಸಿಕ್ಕಿತು.

ಆದರೆ ವೈರಸ್ ಒಳನುಗ್ಗುವ ಬಾಗಿಲು ಯಾವುದು? ಈ ಪ್ರಶ್ನೆ ಇನ್ನೂ 25 ವರ್ಷ ಕಾಡಿತು. 2012ರಲ್ಲಿ ಬೀಜಿಂಗಿನ ವೆನ್‌ಹುಯಿ ಲಿ ತಂಡ ಅದನ್ನು ಪತ್ತೆಹಚ್ಚಿತು. ಅವರಿಗೆ ನೆರವಾದದ್ದು ಟುಪಾಯಾ ಎಂಬ, ಅಳಿಲಿನಂತೆ ಕಾಣುವ ಮರಮೂಗಿಲಿ. ಅದರ ಯಕೃತ್ತಿನ ಕೋಶಕ್ಕೆ ಬಿ ವೈರಸ್ ತಗುಲುತ್ತದೆ. ವೈರಸ್ಸಿನ ಅಂಗಿಯ ತುಂಡೊಂದನ್ನು ಗಾಳದ ಹುಳುವಿನಂತೆ ಬಿಟ್ಟು, ಅದಕ್ಕೆ ಕಚ್ಚಿಕೊಂಡ ಪ್ರೋಟೀನನ್ನು ಅವರು ಎಳೆದು ತೆಗೆದರು. ಸಿಕ್ಕಿದ್ದು ಪಿತ್ತದ ಲವಣಗಳನ್ನು ಕೋಶದೊಳಕ್ಕೆ ಬಿಟ್ಟುಕೊಳ್ಳುವ ‘ಎನ್‌ಟಿಸಿಪಿ’ ಎಂಬ ಬಾಗಿಲು! ಹೆಪ್-ಜಿ2 ಕೋಶಗಳು ಕಳೆದುಕೊಂಡಿದ್ದುದು ಇದನ್ನೇ. ಬಾಗಿಲನ್ನು ಮರಳಿ ಜೋಡಿಸಿಕೊಟ್ಟರು; ವೈರಸ್ ಒಳಗೆ ಹೋಯಿತು.

ಅಲ್ಲಿಂದ ಒಳಗಿನ ಗುಟ್ಟುಗಳನ್ನು ನೋಡುವುದು ಸುಲಭವಾಯಿತು. ಬಿ ವೈರಸ್ ಕೋಶದ ನ್ಯೂಕ್ಲಿಯಸ್ಸಿನಲ್ಲಿ ತನ್ನ ಡಿಎನ್‌ಎಯನ್ನು ಬಳೆಯಂತೆ ಸುತ್ತಿ ಬಚ್ಚಿಡುತ್ತದೆ. ಈಗಿನ ಮಾತ್ರೆಗಳು ವೈರಸ್ಸಿನ ಹೆಚ್ಚಳವನ್ನು ತಡೆಯುತ್ತವೆ, ಈ ಬಳೆಯನ್ನು ಮುರಿಯಲಾರವು. ಅದಕ್ಕೇ ಹಲವರು ವರ್ಷಾನುಗಟ್ಟಲೆ ಮಾತ್ರೆ ನುಂಗಬೇಕು. ಬಳೆ ಮುರಿಯುವ ಮದ್ದಿನ ಹುಡುಕಾಟ ಇನ್ನೂ ನಡೆದಿದೆ.

ಸಿ: ಅರ್ಧ ವೈರಸ್ಸಿನ ಉಪಾಯ

ಸಿ ವೈರಸ್ಸಿಗೆ ಬಹುದಿನ ಹೆಸರೇ ಇರಲಿಲ್ಲ. ರಕ್ತ ಪಡೆದವರಲ್ಲಿ ಕಾಣುತ್ತಿದ್ದ ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್ ಎಂದೇ ಕರೆಯುತ್ತಿದ್ದರು. 1989ರಲ್ಲಿ ಕೈರಾನ್ ಕಂಪನಿಯ ಮೈಕೆಲ್ ಹೌಟನ್ ಮತ್ತು ಸಂಗಡಿಗರು ಅದರ ಜೀನ್ ತುಂಡನ್ನು ಹಿಡಿದರು. ವೈರಸ್ಸನ್ನು ಕಣ್ಣಾರೆ ಕಾಣದೆ, ಬಾಟಲಿಯಲ್ಲಿ ಬೆಳೆಸದೆ, ಬರೀ ಜೀನಿನಿಂದ ಗುರುತು ಹಿಡಿದದ್ದು ದೊಡ್ಡ ಸಾಹಸವೇ. ದಾನಿಗಳ ರಕ್ತವನ್ನು ಪರೀಕ್ಷಿಸುವುದು ಸಾಧ್ಯವಾಯಿತು. ಬೆಳೆಸುವುದು ಮಾತ್ರ ಆಗಲಿಲ್ಲ. ಸಿ ತಗುಲುವ ಪ್ರಯೋಗಪ್ರಾಣಿ ಎಂದರೆ ಚಿಂಪಾಂಜಿಯೊಂದೇ. ಅದರ ಖರ್ಚು ಎಷ್ಟು, ಮನುಷ್ಯನ ಹತ್ತಿರದ ಬಂಧುವನ್ನು ಪಂಜರದಲ್ಲಿಟ್ಟು ಕಾಯಿಲೆ ಹಚ್ಚುವುದು ಸರಿಯೇ ಎಂಬ ಪ್ರಶ್ನೆ ಎಷ್ಟು ಗಟ್ಟಿ, ನೀವೇ ಯೋಚಿಸಿ.

1999ರಲ್ಲಿ ಜರ್ಮನಿಯ ಮೈಂಟ್ಸ್ ನಗರದಲ್ಲಿ ರಾಲ್ಫ್ ಬಾರ್ಟೆನ್‌ಶ್ಲಾಗರ್ ಮತ್ತು ಫೋಲ್ಕರ್ ಲೋಮನ್ ಒಂದು ಜಾಣ ಉಪಾಯ ಹೂಡಿದರು. ವೈರಸ್ಸಿನ ಆರ್‌ಎನ್‌ಎಯಲ್ಲಿ ಹೊರ ಅಂಗಿಗೆ ಸಂಬಂಧಿಸಿದ ಭಾಗವನ್ನು ಕತ್ತರಿಸಿ ಎಸೆದರು. ಆ ಜಾಗದಲ್ಲಿ ವಿಷವೊಂದನ್ನು ತಡೆದುಕೊಳ್ಳುವ ಜೀನನ್ನು ಹೊಲಿದರು. ಇದನ್ನು ಜಪಾನಿನ ರೋಗಿಯೊಬ್ಬರ ಗಡ್ಡೆಯಿಂದ 1982ರಲ್ಲಿ ಪಡೆದಿದ್ದ ‘ಹು-7’ ಎಂಬ ಯಕೃತ್ತಿನ ಕೋಶಗಳಿಗೆ ಸೇರಿಸಿ, ಮೇಲೆ ಆ ವಿಷವನ್ನು ಸುರಿದರು. ಬಹುಪಾಲು ಕೋಶಗಳು ಸತ್ತವು. ಬೆರಳೆಣಿಕೆಯಷ್ಟು ಉಳಿದವು. ಯಾಕೆ ಉಳಿದವು? ಅವುಗಳೊಳಗೆ ವೈರಸ್ಸಿನ ಆರ್‌ಎನ್‌ಎ ಪ್ರತಿ ಮೇಲೆ ಪ್ರತಿ ತೆಗೆದುಕೊಳ್ಳುತ್ತ, ಜೊತೆಗೆ ವಿಷ ತಡೆಯುವ ಜೀನನ್ನೂ ಒದಗಿಸುತ್ತ ಇತ್ತು. ಕೋಶ ಬದುಕಿದೆ ಎಂದರೆ ವೈರಸ್ಸಿನ ಯಂತ್ರ ಓಡುತ್ತಿದೆ ಎಂದರ್ಥ!

ಈ ಅರ್ಧ ವೈರಸ್ಸಿಗೆ ‘ರೆಪ್ಲಿಕಾನ್’ ಎಂದು ಹೆಸರು. ಅಂಗಿಯಿಲ್ಲದ್ದರಿಂದ ಅದು ಹೊರಗೆ ಬಂದು ಯಾರಿಗೂ ಅಂಟದು. ಅದರ ಮೇಲೆ ಸಾವಿರಾರು ರಾಸಾಯನಿಕಗಳನ್ನು ಒಂದೊಂದಾಗಿ ಹಾಕಿ, ಯಾವುದು ಯಂತ್ರವನ್ನು ನಿಲ್ಲಿಸುತ್ತದೆ ನೋಡಬಹುದು. ಇಂದು ಬಳಕೆಯಲ್ಲಿರುವ ಡಾಕ್ಲಾಟಾಸ್ವಿರ್ ಮಾತ್ರೆ ಹೀಗೆಯೇ ಸಿಕ್ಕಿತು.

ಪೂರ್ಣ ವೈರಸ್ ಬೆಳೆದದ್ದು 2005ರಲ್ಲಿ. ತೀವ್ರ ಹೆಪಟೈಟಿಸ್ ಬಂದಿದ್ದ ಜಪಾನಿನ ರೋಗಿಯೊಬ್ಬರಿಂದ ತಕಾಜಿ ವಾಕಿತಾ ಪಡೆದಿದ್ದ ‘ಜೆಎಫ್‌ಎಚ್-1’ ಎಂಬ ತಳಿ ಹು-7 ಕೋಶಗಳಲ್ಲಿ ಸರಾಗವಾಗಿ ಬೆಳೆದು ಹೊರಬಂತು. ಅದೇ ವರ್ಷ ಅಮೆರಿಕದ ಎರಡು ತಂಡಗಳು ಈ ತಳಿಯನ್ನೇ ಬಳಸಿ ಅಂಥದೇ ಯಶಸ್ಸು ಕಂಡವು. ಬಿತ್ತನೆಯಿಂದ ಕೊಯ್ಲಿನವರೆಗೆ ವೈರಸ್ಸಿನ ಪೂರ್ತಿ ಬದುಕು ಕಣ್ಣೆದುರಿಗೆ ಬಂತು. 2013ರಲ್ಲಿ ಸೊಫೋಸ್ಬುವಿರ್ ಬಂದ ಮೇಲೆ ಚಿಕಿತ್ಸೆಯ ಚಿತ್ರವೇ ಬದಲಾಯಿತು. ಹಿಂದೆ ತಿಂಗಳುಗಟ್ಟಲೆ ಇಂಟರ್‌ಫೆರಾನ್ ಚುಚ್ಚಿಸಿಕೊಂಡು ಜ್ವರ, ಸುಸ್ತಿನಿಂದ ನರಳಿ, ಕೊನೆಗೆ ಅರ್ಧದಷ್ಟು ಜನರಿಗೆ ಗುಣವಾದರೆ ಹೆಚ್ಚು ಎಂಬಂತಿತ್ತು. ಈಗ 12 ವಾರ ಮಾತ್ರೆ ನುಂಗಿದರೆ ನೂರಕ್ಕೆ 95 ಜನರಿಗೂ ಹೆಚ್ಚು ಮಂದಿ ಪೂರ್ಣ ಗುಣಮುಖರಾಗುತ್ತಾರೆ. ಸಿ ವೈರಸ್ಸಿನ ಶೋಧಕ್ಕಾಗಿ ಹಾರ್ವಿ ಆಲ್ಟರ್, ಹೌಟನ್ ಮತ್ತು ಚಾರ್ಲ್ಸ್ ರೈಸ್ ಅವರಿಗೆ 2020ರ ನೊಬೆಲ್ ಸಂದಿತು.

ನೆಲನೆಲ್ಲಿ ಪರೀಕ್ಷೆಗೆ ಕುಳಿತಾಗ

ಈಗ ಅಜ್ಜಿಯ ಮದ್ದಿಗೆ ಬರೋಣ. ನೆಲನೆಲ್ಲಿಯ ಕಥೆ ಎರಡು ಕಂತುಗಳಲ್ಲಿ ನಡೆದಿದೆ.

ಮೊದಲ ಕಂತು ಬಿ ವೈರಸ್ಸಿನದು. ಬೆಳೆಸುವ ಸುಲಭ ವಿಧಾನ ಇಲ್ಲದ ಕಾಲದಲ್ಲಿ ಬ್ಲಂಬರ್ಗ್ ಅವರ ತಂಡ ವುಡ್‌ಚಕ್ ಎಂಬ ಅಮೆರಿಕದ ಬಿಲವಾಸಿ ಪ್ರಾಣಿಯ ಮೊರೆಹೊಕ್ಕಿತು. ಅದಕ್ಕೆ ಬಿ ವೈರಸ್ಸಿನದೇ ಕುಲದ ಇನ್ನೊಂದು ವೈರಸ್ ತಗುಲುತ್ತದೆ. ಫಿಲಾಂಥಸ್ ಕುಲದ ಗಿಡದ ಸಾರ ಆ ವೈರಸ್ಸನ್ನು ತಗ್ಗಿಸಿತೆಂದು 1987ರಲ್ಲಿ ವರದಿಯಾಯಿತು. ಮರುವರ್ಷ ಮದರಾಸಿನ ತ್ಯಾಗರಾಜನ್ ಮತ್ತು ಸಂಗಡಿಗರು, ಬ್ಲಂಬರ್ಗ್ ಅವರೊಂದಿಗೆ, ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬೆರಗು ಹುಟ್ಟಿಸುವ ಫಲಿತಾಂಶ ಪ್ರಕಟಿಸಿದರು. ಬಿ ವೈರಸ್ ಹೊತ್ತಿದ್ದವರಿಗೆ 30 ದಿನ ನೆಲನೆಲ್ಲಿ ಪುಡಿ ಕೊಟ್ಟಾಗ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಔಷಧವಿಲ್ಲದ ತೋರಿಕೆಯ ಪುಡಿ ಪಡೆದ 23 ಜನರಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ.

ಲೋಕವೆಲ್ಲ ಇತ್ತ ತಿರುಗಿತು. ಬೇರೆ ದೇಶಗಳಲ್ಲೂ ಪರೀಕ್ಷೆ ನಡೆಯಿತು. 1990ರಲ್ಲಿ ಥಾಯ್ಲೆಂಡಿನಿಂದ ಬಂದ ಉತ್ತರ: ಇಲ್ಲ, ನಮ್ಮಲ್ಲಿ ಮಾಯವಾಗಲಿಲ್ಲ. ಇತರ ಕಡೆಯ ಫಲಿತಾಂಶಗಳೂ ಒಂದಕ್ಕೊಂದು ಹೊಂದಲಿಲ್ಲ. ಅಲ್ಲಿಗೆ ಉತ್ಸಾಹ ತಣ್ಣಗಾಯಿತು. ಒಂದೇ ಪರೀಕ್ಷೆಯ ಫಲಿತಾಂಶ ಎಷ್ಟು ಚೆಂದವಿದ್ದರೂ, ಬೇರೆಯವರ ಕೈಯಲ್ಲಿ ಮತ್ತೆ ಬಂದರೆ ಮಾತ್ರ ಅದು ವಿಜ್ಞಾನ.

ಎರಡನೆಯ ಕಂತು ಬೆಂಗಳೂರಿನದು. ದೊಡ್ಡನೆಕ್ಕುಂದಿಯಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹಳಬರು ಈಗಲೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆ ಇದೆ. ಅಲ್ಲಿನ ಸೂಕ್ಷ್ಮಜೀವಿ ಮತ್ತು ಕೋಶ ಜೀವಶಾಸ್ತ್ರ ವಿಭಾಗದ ಪ್ರೊ. ಸೌಮಿತ್ರ ದಾಸ್ ಅವರ ತಂಡ ವರ್ಷಗಳಿಂದ ಸಿ ವೈರಸ್ಸಿನ ಬೆನ್ನು ಹತ್ತಿದೆ. ವೈರಸ್ಸಿನ ಆರ್‌ಎನ್‌ಎಯನ್ನು ಓದಿ ಪ್ರೋಟೀನ್ ಮಾಡಲು ನಮ್ಮದೇ ಕೋಶದ ‘ಲಾ’ ಎಂಬ ಪ್ರೋಟೀನ್ ಹೇಗೆ ನೆರವಾಗುತ್ತದೆ, ಅದರದೇ ಚಿಕ್ಕ ತುಣುಕನ್ನು ಅಡ್ಡಹಾಕಿ ಆ ನೆರವನ್ನು ಹೇಗೆ ತಪ್ಪಿಸಬಹುದು ಎಂಬುದು ಅವರ ಮುಖ್ಯ ಕೆಲಸಗಳಲ್ಲಿ ಒಂದು. ಇದಕ್ಕೆಂದು ರೆಪ್ಲಿಕಾನ್ ಮತ್ತು ಕೋಶಕೃಷಿಯ ಸೌಲಭ್ಯ ಸಿದ್ಧವಾಗಿತ್ತು. ಅದೇ ಕಣದಲ್ಲಿ ಗಿಡಮೂಲಿಕೆಗಳನ್ನೂ ಪರೀಕ್ಷಿಸಿದರು.

2011ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ. ನೆಲನೆಲ್ಲಿಯ ಬೇರಿನ ಸಾರ ವೈರಸ್ಸಿನ ಒಂದು ಕಿಣ್ವವನ್ನು ತಡೆಯಿತು. ಉದ್ದದ ಪ್ರೋಟೀನ್ ಸರಪಳಿಯನ್ನು ತುಂಡರಿಸಿಕೊಡುವ ಕತ್ತರಿಯಂಥ ಕಿಣ್ವ ಅದು. ಎಲೆಯ ಸಾರ ಇನ್ನೊಂದನ್ನು ತಡೆಯಿತು. ಅದು ಆರ್‌ಎನ್‌ಎಯ ಪ್ರತಿ ತೆಗೆಯುವ ಕಿಣ್ವ. ಹು-7 ಕೋಶಗಳೊಳಗೆ ವೈರಸ್ಸಿನ ಆರ್‌ಎನ್‌ಎ ಹೆಚ್ಚುವುದು ಕುಗ್ಗಿತು. ಕೋಶಗಳಿಗೆ ಸಾರದಿಂದ ಹಾನಿಯಾಗಲಿಲ್ಲ. ಇಂಟರ್‌ಫೆರಾನ್ ಜೊತೆ ಬೇರಿನ ಸಾರ ಸೇರಿಸಿದಾಗ ಪರಿಣಾಮ ಇನ್ನಷ್ಟು ಹೆಚ್ಚಿತು. 2014ರಲ್ಲಿ ಇದೇ ತಂಡ ನಾವು ಬಿಸಾಡುವ ದಾಳಿಂಬೆ ಸಿಪ್ಪೆಯಲ್ಲಿರುವ ಪ್ಯುನಿಕಲಾಜಿನ್, ಪ್ಯುನಿಕಲಿನ್ ಮತ್ತು ಎಲ್ಯಾಜಿಕ್ ಆಮ್ಲ ಕೂಡ ಆ ಕತ್ತರಿ ಕಿಣ್ವವನ್ನು ಕಟ್ಟಿಹಾಕುತ್ತವೆಂದು ತೋರಿಸಿತು.

ಅಜ್ಜಿ ಗೆದ್ದರು ಎನ್ನೋಣವೆ? ತಾಳಿ. ಬಾಟಲಿಯಲ್ಲಿ ಸಾರ ನೇರವಾಗಿ ಕೋಶದ ಮೇಲೆ ಬೀಳುತ್ತದೆ. ಮನುಷ್ಯ ನುಂಗಿದ ಕಷಾಯ ಜಠರದ ಆಮ್ಲ, ಕರುಳು, ರಕ್ತ ಎಲ್ಲ ದಾಟಿ ಯಕೃತ್ತನ್ನು ಮುಟ್ಟುವ ಹೊತ್ತಿಗೆ ಅದರಲ್ಲಿ ಎಷ್ಟು ಉಳಿದಿರುತ್ತದೆ? ಎಷ್ಟು ಗಿಡ ಅರೆದರೆ ಎಷ್ಟು ಮದ್ದು? ಗಿಡ ಬೆಳೆದ ನೆಲ, ಕಿತ್ತ ಕಾಲ ಬದಲಾದರೆ ಸತ್ವವೂ ಬದಲಾದೀತು. ಮತ್ತೊಂದು ಸಂಗತಿ: ಅವರು ನೋಡಿದ್ದು ಸಿ ವೈರಸ್ಸನ್ನು. ಕಾಲೇಜು ಹುಡುಗನ ಕಣ್ಣು ಹಳದಿ ಮಾಡಿದ ಎ ಅಥವಾ ಇ ಮೇಲೆ ಅದು ಏನು ಮಾಡುತ್ತದೆಂದು ಈ ಪ್ರಯೋಗ ಹೇಳುವುದಿಲ್ಲ. ಬಾಟಲಿಯಲ್ಲಿ ತೇರ್ಗಡೆಯಾಗುವುದು ಎಸ್ಸೆಸ್ಸೆಲ್ಸಿ ಪಾಸಾದಂತೆ. ಮುಂದೆ ಪ್ರಾಣಿಗಳು, ಆರೋಗ್ಯವಂತರು, ರೋಗಿಗಳು ಎಂದು ತರಗತಿಗಳು ಬಾಕಿ ಇವೆ. ಹಾಗೆಂದು ಈ ಕೆಲಸ ಸಣ್ಣದಲ್ಲ. ‘ನಮ್ಮ ಹಿರಿಯರು ಹೇಳಿದ್ದು’ ಎಂಬ ಅಭಿಮಾನಕ್ಕೂ ‘ಎಲ್ಲ ಬೊಗಳೆ’ ಎಂಬ ಅಸಡ್ಡೆಗೂ ಜಗ್ಗದೆ, ಅಳೆದು ನೋಡುವ ದಾರಿಯೊಂದನ್ನು ಅದು ತೆರೆದಿದೆ.

ಇನ್ನೂ ಉಳಿದಿರುವ ಹೊಲ

ನಮ್ಮ ದೇಶಕ್ಕೆ ತೀರಾ ಸಂಬಂಧಪಟ್ಟದ್ದು ಇ ವೈರಸ್. 1955-56ರಲ್ಲಿ ದೆಹಲಿಯ ಕುಡಿಯುವ ನೀರಿಗೆ ಚರಂಡಿ ನೀರು ಸೇರಿ ಸುಮಾರು 29,000 ಜನರಿಗೆ ಕಾಮಾಲೆ ಬಂದಿತ್ತು. 1978ರಲ್ಲಿ ಕಾಶ್ಮೀರದಲ್ಲಿ ಇಂಥದೇ ಪಿಡುಗು ಬಂದಾಗ ವೈದ್ಯ ಮೊಹಮ್ಮದ್ ಸುಲ್ತಾನ್ ಖುರೂ ಇದು ಎ ಅಲ್ಲ, ಬೇರೆಯದು ಎಂದು ಗುರುತಿಸಿದರು. ಗರ್ಭಿಣಿಯರು ಹೆಚ್ಚಾಗಿ ಸಾಯುತ್ತಿದ್ದುದೂ ಅವರ ಗಮನಕ್ಕೆ ಬಂತು. 1983ರಲ್ಲಿ ಸೋವಿಯೆತ್ ವಿಜ್ಞಾನಿ ಬಲಯಾನ್ ರೋಗಿಗಳ ಮಲದ ಸಾರವನ್ನು ತಾವೇ ಕುಡಿದು, ಕಾಯಿಲೆ ಬರಿಸಿಕೊಂಡು, ತಮ್ಮ ಮಲದಲ್ಲೇ ಆ ವೈರಸ್ಸನ್ನು ಕಂಡರು! ಬೆಳೆಸುವ ಬಾಟಲಿ ಇಲ್ಲದಿದ್ದಾಗ ತನ್ನ ಹೊಟ್ಟೆಯನ್ನೇ ಬಾಟಲಿ ಮಾಡಿಕೊಂಡ ಧೀರ.

2012ರಲ್ಲಿ ಅಮೆರಿಕದ ವಿಜ್ಞಾನಿಗಳು ಇ ವೈರಸ್ಸಿನ ಒಂದು ತಳಿಯನ್ನು ಚೆನ್ನಾಗಿ ಬೆಳೆಸಿದರು. ಪರೀಕ್ಷಿಸಿದಾಗ ಅದು ಮನುಷ್ಯನ ಜೀನೊಂದರ ತುಂಡನ್ನು ಕದ್ದು ತನ್ನೊಳಗೆ ಸೇರಿಸಿಕೊಂಡಿತ್ತು. ಅದು 3ನೇ ಬಗೆಯ ತಳಿ. ನಮ್ಮಲ್ಲಿ ನೀರಿನಿಂದ ಹರಡುವ 1ನೇ ಬಗೆ ಬಾಟಲಿಯಲ್ಲಿ ಬೆಳೆಯಲು ಇಂದಿಗೂ ಮೊಂಡು ಹಿಡಿಯುತ್ತದೆ. ಸಿ ವೈರಸ್ಸಿನಲ್ಲೂ ಇದೇ ಕಥೆ: ಜಪಾನಿನ ಜೆಎಫ್‌ಎಚ್-1 ತಳಿ 2ನೇ ಬಗೆಯದು, ಭಾರತದಲ್ಲಿ ಹೆಚ್ಚಾಗಿರುವುದು 3ನೇ ಬಗೆ. ಶ್ರೀಮಂತ ದೇಶಗಳ ಪ್ರಯೋಗಾಲಯದಲ್ಲಿ ಬೆಳೆಯುವ ತಳಿ ಒಂದು, ನಮ್ಮ ಜನರ ಮೈಯಲ್ಲಿರುವ ತಳಿ ಇನ್ನೊಂದು. ಈ ಅಂತರವನ್ನು ತುಂಬುವವರು ನಮ್ಮವರೇ ಆಗಬೇಕು.

ಸಾಧನಗಳೂ ಹೊಸತಾಗುತ್ತಿವೆ. ಚಪ್ಪಟೆ ಹಾಸಿನಂತೆ ಬೆಳೆದ ಕೋಶಗಳ ಬದಲು ಉಂಡೆಯಂತೆ, ಪದರಪದರವಾಗಿ ಬೆಳೆಸಿದ ಪುಟಾಣಿ ಯಕೃತ್ತುಗಳು ತಮ್ಮ ಕಸುಬನ್ನು ಹೆಚ್ಚು ದಿನ ನೆನಪಿಟ್ಟುಕೊಳ್ಳುತ್ತವೆ. ವಿಜ್ಞಾನ ಸಂಸ್ಥೆಯಲ್ಲಿ ಓದಿದ ಯುವಕರು ಕಟ್ಟಿದ ಬೆಂಗಳೂರಿನ ಪ್ಯಾಂಡೋರಂ ಟೆಕ್ನಾಲಜೀಸ್ 2015ರಲ್ಲಿ ಯಕೃತ್ತಿನ ಅಂಗಾಂಶವನ್ನು ಮೂರು ಆಯಾಮದಲ್ಲಿ ಮುದ್ರಿಸಿ ತೋರಿಸಿ ಸುದ್ದಿಯಾಯಿತು.

ಪಿಯುಸಿಯಲ್ಲಿ ಜೀವಶಾಸ್ತ್ರ ಓದುವ ಮಕ್ಕಳಿಗೆ ವೈದ್ಯಕೀಯ ಸೀಟು ಸಿಗದಿದ್ದರೆ ಎಲ್ಲ ಮುಗಿಯಿತು ಎನ್ನುವ ಮನೆಗಳು ಬಹಳ. ಮೇಲಿನ ಕಥೆಯಲ್ಲಿ ರೆಪ್ಲಿಕಾನ್ ಹೊಲಿದವರು, ಎನ್‌ಟಿಸಿಪಿ ಬಾಗಿಲು ಹುಡುಕಿದವರು ಪ್ರಯೋಗಾಲಯದ ಜನ. ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನದ ಹಾದಿಯಿಂದಲೂ ಇಲ್ಲಿಗೆ ಬರಬಹುದು. ಬೇಕಾದದ್ದು ಅಂಕಪಟ್ಟಿಯ ಜೊತೆಗೆ ತಾಳ್ಮೆ. ಸಿ ವೈರಸ್ಸಿನ ಜೀನ್ ಸಿಕ್ಕಿದ ಮೇಲೆ ಅದನ್ನು ಬಾಟಲಿಯಲ್ಲಿ ಬೆಳೆಸಲು 16 ವರ್ಷ ಹಿಡಿಯಿತು. ಆ 16 ವರ್ಷಗಳಲ್ಲಿ ಸತ್ತ ಕೋಶಗಳ ಬಾಟಲಿ ತೊಳೆದು ಮತ್ತೆ ಬಿತ್ತನೆ ಮಾಡಿದವರಲ್ಲಿ ಹೆಚ್ಚಿನವರು ಸಂಶೋಧನಾ ವಿದ್ಯಾರ್ಥಿಗಳೇ.

ಪೋಷಕರ ಗಮನಕ್ಕೆ

* ಕಣ್ಣು ಹಳದಿಯಾದರೆ ಯಾವ ವೈರಸ್ ಎಂದು ರಕ್ತಪರೀಕ್ಷೆಯಿಂದ ತಿಳಿಯಿರಿ. ಮನೆಮದ್ದು ಕೊಟ್ಟಿದ್ದರೆ ಏನು ಕೊಟ್ಟಿರೆಂದು ವೈದ್ಯರಿಗೆ ಮುಚ್ಚಿಡದೆ ಹೇಳಿ.

* ಹೆಪಟೈಟಿಸ್-ಬಿ ಲಸಿಕೆಯ ಮೊದಲ ಡೋಸ್ ಮಗು ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು. ನಂತರ 6, 10 ಮತ್ತು 14ನೇ ವಾರದಲ್ಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಹುಟ್ಟುವಾಗ ಸೋಂಕು ತಗುಲಿದ ಮಕ್ಕಳಲ್ಲಿ ನೂರಕ್ಕೆ 90ರವರೆಗೂ ಅದು ಜೀವನಪರ್ಯಂತ ಉಳಿಯಬಹುದು. ದೊಡ್ಡವರಾದ ಮೇಲೆ ತಗುಲಿದರೆ ಉಳಿಯುವುದು ನೂರಕ್ಕೆ ಐವರಿಗಿಂತ ಕಡಿಮೆ ಜನರಲ್ಲಿ.

* ಸಿ ವೈರಸ್ಸಿಗೆ ಲಸಿಕೆ ಇಲ್ಲ, ಗುಣಪಡಿಸುವ ಮಾತ್ರೆ ಇದೆ. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ ಮತ್ತು ಸಿ ಎರಡಕ್ಕೂ ಉಚಿತ ಪರೀಕ್ಷೆ, ಚಿಕಿತ್ಸೆ ದೊರೆಯುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

* ಗರ್ಭಿಣಿಗೆ ಕಾಮಾಲೆ ಬಂದರೆ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಯಾರಿಗೇ ಆಗಲಿ ಕಾಮಾಲೆಯ ಜೊತೆ ಮಂಪರು, ತೊದಲು ಮಾತು, ರಕ್ತಸ್ರಾವ, ನಿಲ್ಲದ ವಾಂತಿ ಕಂಡರೂ ಅಷ್ಟೆ.

* ಟ್ಯಾಂಕರ್ ನೀರನ್ನು ಕುದಿಸಿ ಕುಡಿಯಿರಿ. ಹಚ್ಚೆ, ಕಿವಿ ಚುಚ್ಚಿಸುವಿಕೆ, ಕ್ಷೌರ, ಇಂಜೆಕ್ಷನ್ ಯಾವುದಕ್ಕೇ ಆಗಲಿ ಹೊಸ ಸೂಜಿ, ಹೊಸ ಬ್ಲೇಡನ್ನೇ ಕೇಳಿ ಪಡೆಯಿರಿ.